ಟೊಮೆಟೊ ಮೊಳಕೆ: ಮುಚ್ಚಳ ತೆಗೆಯುವ ದಿನ

ನಿನ್ನೆ ರಾತ್ರಿ ಮಲಗುವ ಮುಂಚೆ ಸುಮ್ನೆ ಒಂದು ಸಲ ನೋಡೋಣ ಅಂತ ಫ್ರಿಜ್ ಮೇಲಿದ್ದ ಡಬ್ಬಿ ಇಳಿಸಿದೆ. ಒಳಗೆ ಒದ್ದೆ ಟಿಶ್ಯೂ ಪೇಪರ್, ಅದರ ಮೇಲೆ ಹತ್ತು ಟೊಮೆಟೊ ಬೀಜ. ಇಟ್ಟು ನಾಲ್ಕು ದಿನವಾಗಿತ್ತು. ಮೂರು ಬೀಜ ಬಾಯಿ ಬಿಟ್ಟಿದ್ದವು. ಅದರಲ್ಲೊಂದರ ಬೇರು ಅರ್ಧ ಸೆಂಟಿಮೀಟರಿನಷ್ಟು ಹೊರಗೆ ಬಂದು ಕೆಳಕ್ಕೆ ಬಾಗಿತ್ತು. ಮಗಳು ನನ್ನ ತೋಳಿನ ಕೆಳಗಿಂದ ತಲೆ ತೂರಿಸಿ ನೋಡಿ, "ಅಮ್ಮಾ, ಬೂಷ್ಟು ಬಂದುಬಿಟ್ಟಿದೆ" ಅಂದಳು.

ಬೂಷ್ಟಲ್ಲ. ಅದು ಬೇರಿನ ರೋಮ. ಮೊದಲ ಸಲ ನಾನೂ ಹಾಗೇ ಅಂದುಕೊಂಡು ಒಂದು ಡಬ್ಬಿ ಬೀಜವನ್ನು ಪೂರ್ತಿ ಎಸೆದಿದ್ದೆ. ಈಗ ಭೂತಗನ್ನಡಿ ಕೈಯಲ್ಲಿಟ್ಟುಕೊಂಡೇ ಡಬ್ಬಿ ತೆಗೆಯುತ್ತೇನೆ. ಬೇರಿನ ತುದಿ ಬೋಳಾಗಿರುತ್ತದೆ, ನುಣ್ಣಗೆ, ಸ್ವಲ್ಪ ಹಳದಿ. ಅದಕ್ಕಿಂತ ಒಂದೆರಡು ಮಿಲಿಮೀಟರ್ ಹಿಂದೆ, ಬೇರಿನ ಸುತ್ತ ಬಿಳೀ ಕೂದಲು ನೇರವಾಗಿ ನಿಂತಿರುತ್ತವೆ, ಬಾಟಲಿ ತೊಳೆಯುವ ಬ್ರಷ್ ತರ. ಒಂದು ಹನಿ ನೀರು ಬಿಟ್ಟರೆ ಎಲ್ಲಾ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತವೆ. ಬೂಷ್ಟು ಹಾಗಲ್ಲ. ಅದು ಜೇಡರ ಬಲೆಯ ತರ ಅಡ್ಡಾದಿಡ್ಡಿ ಹರಡುತ್ತದೆ. ಬೇರಿಗಿಂತ ಮೊದಲು ಬೀಜದ ಸಿಪ್ಪೆ ಮೇಲೂ ಪೇಪರ್ ಮೇಲೂ ಕಾಣುತ್ತದೆ. ಮಗಳು ತಾನೇ ಹನಿ ಬಿಟ್ಟು ನೋಡಿದಳು. "ಹೋಯ್ತು!" ಅಂದಳು. ಹೋಗಿಲ್ಲ, ಮಲಗಿದೆ ಅಂದೆ. ಆಮೇಲೆ ಅವಳನ್ನೂ ಮಲಗಿಸಿದೆ.

ಟೊಮೆಟೊ ಬೀಜ ಮೊಳಕೆ ಬರಿಸುವುದು ತುಂಬಾ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಮೊಳಕೆ ಬರಿಸುವುದು ಸುಲಭ. ಬಂದ ಮೊಳಕೆಯನ್ನು ಎರಡು ವಾರ ಉಳಿಸಿಕೊಳ್ಳುವುದರಲ್ಲೇ ಕಷ್ಟ ಇರುವುದು. ಅದನ್ನು ಕಲಿಯಲು ನನಗೆ ಇಪ್ಪತ್ತೆರಡು ಸಸಿ ಬೇಕಾದವು.

ಅದು ನನ್ನ ಮೊದಲ ಟ್ರೇ. ಇಪ್ಪತ್ನಾಲ್ಕು ಗುಳಿ, ಗುಳಿಗೊಂದು ಬೀಜ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಬೆಚ್ಚಗೆ ಇಟ್ಟಿದ್ದೆ. ಆರನೇ ದಿನ ಶುರುವಾಗಿ ಏಳನೇ ದಿನ ಸಂಜೆಗೆ ಇಪ್ಪತ್ತೆರಡು ಬಂದಿದ್ದವು. ನನ್ನ ಖುಷಿಗೆ ಮಿತಿಯಿರಲಿಲ್ಲ. ಇಷ್ಟು ಚೆನ್ನಾಗಿ ಬಂದಿವೆ, ಈ ಜಾಗ ಇವಕ್ಕೆ ಒಗ್ಗಿದೆ, ಇನ್ನೂ ಎರಡು ದಿನ ಇಲ್ಲೇ ಇರಲಿ ಅಂತ ಮುಚ್ಚಳ ತೆಗೆಯದೆ ಹಾಗೇ ಬಿಟ್ಟೆ. ಮೂರನೇ ದಿನ ನೋಡಿದಾಗ ಒಂದೊಂದೂ ನನ್ನ ಬೆರಳಷ್ಟು ಉದ್ದ. ಕಾಂಡ ದಾರದಷ್ಟು ಸಣ್ಣ, ಬಣ್ಣವೇ ಇಲ್ಲ. ಎಲ್ಲವೂ ಕಪಾಟಿನ ಬಾಗಿಲ ಸಂದಿಯ ಕಡೆಗೆ ವಾಲಿಕೊಂಡಿದ್ದವು. ಗಾಬರಿಯಾಗಿ ಕಿಟಕಿ ಹತ್ತಿರ ತಂದಿಟ್ಟೆ, ಮೇಲಿಂದ ನೀರನ್ನೂ ಹಾಕಿದೆ. ಮಾರನೇ ದಿನ ನಾಲ್ಕು ಸಸಿ ಅಡ್ಡ ಬಿದ್ದಿದ್ದವು. ಎತ್ತಿ ನೋಡಿದರೆ ಬುಡದಲ್ಲಿ, ಸರಿಯಾಗಿ ಮಣ್ಣು ಮುಟ್ಟುವ ಕಡೆ, ಯಾರೋ ಉಗುರಿನಿಂದ ಹಿಸುಕಿದ ಹಾಗೆ ತೆಳ್ಳಗಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಎಲೆ ಇನ್ನೂ ಹಸಿರಾಗೇ ಇತ್ತು, ಅದೇ ಜಾಸ್ತಿ ಸಂಕಟ ಕೊಟ್ಟಿದ್ದು. ಐದು ದಿನದಲ್ಲಿ ಇಪ್ಪತ್ತೆರಡೂ ಹೋದವು.

ಇದು ಸಸಿ ಕೊಳೆ ರೋಗ. ಪಿತಿಯಂ, ರೈಜೋಕ್ಟೋನಿಯಾ ತರದ ಜೀವಿಗಳು ಮಣ್ಣಿನಲ್ಲೋ, ತೊಳೆಯದ ಟ್ರೇಯಲ್ಲೋ ಇದ್ದೇ ಇರುತ್ತವೆ. ಗಾಳಿಯಾಡದ ಜಾಗ, ಯಾವಾಗಲೂ ಒದ್ದೆ ಮಣ್ಣು, ಬೆಳಕಿಲ್ಲದೆ ಬಡವಾದ ಕಾಂಡ, ಈ ಮೂರೂ ಸಿಕ್ಕರೆ ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸಿಬಿಡುತ್ತವೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಬೀಳದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಆಮೇಲೆ ಎಷ್ಟೋ ದಿನ ಕೂತು ಯೋಚಿಸಿದೆ. ಬೀಜಕ್ಕೆ ಒಳ್ಳೆಯದು ಅಂತ ಮಾಡಿದ್ದೇ ಸಸಿಗೆ ಮುಳುವಾಗಿತ್ತು. ಬೀಜಕ್ಕೆ ಬೆಚ್ಚಗಿರಬೇಕು, ತೇವ ಆರಬಾರದು, ಮುಚ್ಚಳ ಬೇಕು, ಬೆಳಕು ಇಲ್ಲದಿದ್ದರೂ ನಡೆಯುತ್ತದೆ. ಸಸಿಗೆ ಇದೆಲ್ಲ ಉಲ್ಟಾ. ಬೆಳಕು ಜಾಸ್ತಿ ಬೇಕು, ಗಾಳಿಯಾಡಬೇಕು, ಮಣ್ಣಿನ ಮೇಲ್ಪದರ ಆಗಾಗ ಆರಬೇಕು, ಬಿಸಿ ಸ್ವಲ್ಪ ಕಮ್ಮಿಯಿದ್ದರೇ ಚೆನ್ನ. ಒಂದೇ ಟ್ರೇ, ಒಂದೇ ಜಾಗ. ಆದರೆ ಮಣ್ಣು ಸೀಳಿ ತಲೆ ಎತ್ತಿದ ದಿನದಿಂದ ಅದು ಬೇರೆಯೇ ಜೀವ. ಆ ದಿನವೇ ನಾವೂ ಬದಲಾಗಬೇಕು. ನಾಳೆ ಅಂದರೆ ತಡವಾಯ್ತು.

ಈಗ ಬೀಜದಿಂದಲೇ ಶುರು ಮಾಡುತ್ತೇನೆ.

ಹಣ್ಣು ಕೊಯ್ದಾಗ ಬೀಜದ ಸುತ್ತ ಒಂದು ಲೋಳೆ ಇರುತ್ತದಲ್ವಾ, ಅದು ಸುಮ್ನೆ ಇಲ್ಲ. ಹಣ್ಣಿನೊಳಗೆ ಬೆಚ್ಚಗೂ ಇದೆ, ನೀರೂ ಇದೆ. ಆದರೂ ಬೀಜ ಅಲ್ಲೇ ಮೊಳೆಯುವುದಿಲ್ಲ. ಲೋಳೆಯಲ್ಲಿರುವ ಅಂಶಗಳು, ಜೊತೆಗೆ ಆಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು ಅದನ್ನು ತಡೆದು ಹಿಡಿದಿರುತ್ತವೆ. ತುಂಬಾ ದಿನ ಇಟ್ಟ ಹಣ್ಣನ್ನು ಕೊಯ್ದಾಗ ಒಳಗೆ ಬಿಳೀ ಬಾಲ ಬಿಟ್ಟ ಬೀಜಗಳು ಕಂಡಿದ್ದರೆ, ಆ ತಡೆ ಸಡಿಲವಾಗಿದೆ ಅಂತಲೇ ಅರ್ಥ. ಹಣ್ಣು ಕೆಟ್ಟಿದೆ ಅಂತಲೋ, ಅದರಲ್ಲಿ ಹುಳ ಇದೆ ಅಂತಲೋ ಹೆದರಬೇಕಾಗಿಲ್ಲ.

ಈ ಲೋಳೆ ಬಿಡಿಸಲು ಹುಳಿ ಬರಿಸುವುದೇ ಒಳ್ಳೆಯದು. ಚೆನ್ನಾಗಿ ಕಳಿತ ಹಣ್ಣಿನ ಬೀಜವನ್ನು ಲೋಳೆ ಸಮೇತ ಒಂದು ಗಾಜಿನ ಲೋಟಕ್ಕೆ ಹಿಂಡಿ, ಎರಡು ಚಮಚ ನೀರು ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಎರಡರಿಂದ ಮೂರು ದಿನ ಇಡುತ್ತೇನೆ. ದಿನಕ್ಕೊಂದು ಸಲ ಕಲಕುತ್ತೇನೆ. ಎರಡನೇ ದಿನ ಮೇಲೆ ಬಿಳೀ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ. ಬರಲಿ. ಮೂರನೇ ದಿನ ನೀರು ತುಂಬಿಸಿ ಕಲಕಿದರೆ ಗಟ್ಟಿ ಬೀಜಗಳು ತಳಕ್ಕೆ ಕೂರುತ್ತವೆ, ಜೊಳ್ಳು ಮತ್ತು ತಿರುಳು ತೇಲುತ್ತವೆ. ತೇಲಿದ್ದನ್ನು ಚೆಲ್ಲಿ, ಉಳಿದದ್ದನ್ನು ಜರಡಿಯಲ್ಲಿ ಹಾಕಿ ನಲ್ಲಿ ಕೆಳಗೆ ಉಜ್ಜಿ ತೊಳೆಯಬೇಕು. ಹೀಗೆ ಹುಳಿ ಬಂದಾಗ ಬೀಜದ ಮೇಲಿನ ಕೆಲವು ರೋಗಾಣುಗಳೂ ಕಮ್ಮಿಯಾಗುತ್ತವೆ. ಆದರೆ ಮೂರು ದಿನ ದಾಟಿಸಬೇಡಿ. ಒಮ್ಮೆ ಮನೆಯಲ್ಲಿ ಕೆಲಸ ಜಾಸ್ತಿಯಾಗಿ ಐದು ದಿನ ಮರೆತಿದ್ದೆ, ಲೋಟದಲ್ಲೇ ಮೊಳಕೆ ಶುರುವಾಗಿತ್ತು.

ಒಣಗಿಸುವುದು ಪಿಂಗಾಣಿ ತಟ್ಟೆಯ ಮೇಲೆ, ನೆರಳಲ್ಲಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಬಿಡಿಸಲು ಆಗುವುದಿಲ್ಲ. ಬಿಸಿಲಿಗೋ, ಓವನ್‌ಗೋ ಇಟ್ಟರೆ ಬೀಜ ಒಳಗೇ ಸಾಯಬಹುದು. ಒಣಗಿದ ಮೇಲೆ ಬೆರಳ ಮಧ್ಯೆ ಉಜ್ಜಿ ನೋಡಿ, ಮಖಮಲ್ಲಿನ ಹಾಗಿರುತ್ತದೆ. ಟೊಮೆಟೊ ಬೀಜದ ಮೈಮೇಲೆ ಸಣ್ಣ ಕೂದಲಿವೆ. ನನಗೆ ಆ ಸ್ಪರ್ಶ ತುಂಬಾ ಇಷ್ಟ. ಪ್ಯಾಕೆಟ್‌ನಲ್ಲಿ ಬರುವ ಬೀಜ ಎಷ್ಟೋ ಸಲ ನುಣ್ಣಗಿರುತ್ತದೆ, ಕೂದಲು ಉಜ್ಜಿ ತೆಗೆದಿರುತ್ತಾರೆ.

ಒಂದು ಮಾತು. ಕೊಂಡು ತಂದ ಹಣ್ಣಿನ ಬೀಜದಿಂದ ಮೊಳಕೆ ಬರುತ್ತದೆ, ಗಿಡವೂ ಆಗುತ್ತದೆ. ಆದರೆ ಆ ಹಣ್ಣು ಹೈಬ್ರಿಡ್ ಆಗಿದ್ದರೆ ಮುಂದಿನ ಗಿಡ ಅದೇ ತರದ ಹಣ್ಣು ಕೊಡುವುದಿಲ್ಲ. ಒಂದೊಂದು ಸಸಿ ಒಂದೊಂದು ದಾರಿ ಹಿಡಿಯುತ್ತದೆ. ಹೈಬ್ರಿಡ್ ಅಲ್ಲದ ತಳಿ ಆದರೆ ಸಾಮಾನ್ಯವಾಗಿ ತಾಯಿಯನ್ನೇ ಹೋಲುತ್ತದೆ, ಯಾಕೆಂದರೆ ಟೊಮೆಟೊ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಮಕ್ಕಳಿಗೆ ಮೊಳಕೆ ತೋರಿಸಬೇಕು ಅನ್ನುವಷ್ಟೇ ಆಸೆಯಿದ್ದರೆ ಯಾವ ಹಣ್ಣಾದರೂ ಸರಿ.

ಹಳೇ ಬೀಜ ಇದ್ದರೆ ಎಸೆಯಬೇಡಿ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟ ಟೊಮೆಟೊ ಬೀಜ ನಾಲ್ಕೈದು ವರ್ಷ ಆರಾಮಾಗಿ ಬಾಳುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. 1984ರಲ್ಲಿ ನಾಸಾ ಒಂದು ಉಪಗ್ರಹದಲ್ಲಿ ಸುಮಾರು 1 ಕೋಟಿ 25 ಲಕ್ಷ ಟೊಮೆಟೊ ಬೀಜ ಇಟ್ಟು ಕಳಿಸಿತ್ತು. ಬೇಗ ವಾಪಸ್ ತರಬೇಕಿದ್ದದ್ದು ತಡವಾಗಿ, 1990ರಲ್ಲಿ ಭೂಮಿಗೆ ಬಂತು. ಹತ್ತಿರ ಹತ್ತಿರ ಆರು ವರ್ಷ ಬಾಹ್ಯಾಕಾಶದಲ್ಲಿದ್ದ ಆ ಬೀಜಗಳನ್ನು ಶಾಲಾ ಮಕ್ಕಳಿಗೆ ಹಂಚಿದರು. ಮಕ್ಕಳು ಬಿತ್ತಿದರು, ಮೊಳಕೆ ಬಂತು! ನನ್ನ ಡ್ರಾಯರ್‌ನಲ್ಲಿ ಐದು ವರ್ಷದಿಂದ ಇದ್ದ ಪ್ಯಾಕೆಟ್ ನೋಡಿದಾಗ ಇದೇ ನೆನಪಾಯಿತು. ಈಗ ಡಬ್ಬಿಯಲ್ಲಿರುವ ಹತ್ತು ಬೀಜ ಅದೇ ಪ್ಯಾಕೆಟ್ಟಿನದು. ಹತ್ತರಲ್ಲಿ ಏಳು ಬಂದರೆ ಸಾಕು, ಹತ್ತು ಸಸಿ ಬೇಕಾದ ಕಡೆ ಹದಿನೈದು ಬೀಜ ಬಿತ್ತಿದರೆ ಆಯಿತು. ಎರಡೇ ಬಂದರೆ ಆ ಪ್ಯಾಕೆಟ್ ನೆಚ್ಚಿ ಕೂರುವ ಹಾಗಿಲ್ಲ. ಇದನ್ನು ತಿಳಿಯಲು ಬೇಕಾಗುವುದು ಒಂದು ಟಿಶ್ಯೂ ಪೇಪರ್, ಒಂದು ವಾರ.

ಟಿಶ್ಯೂ ಒದ್ದೆಯಿರಬೇಕು, ನೀರು ನಿಂತಿರಬಾರದು. ಬೀಜಕ್ಕೂ ಉಸಿರಾಡಲು ಗಾಳಿ ಬೇಕು. ನೀರಲ್ಲಿ ಮುಳುಗಿಸಿಟ್ಟರೆ ಕೊಳೆಯುತ್ತದೆ. ನಾನು ಪೇಪರನ್ನು ನೀರಲ್ಲಿ ಅದ್ದಿ, ಹಿಂಡಿ, ಬಿಡಿಸಿ ಹಾಸುತ್ತೇನೆ. ಮೇಲೆತ್ತಿ ಹಿಡಿದರೆ ಹನಿ ಬೀಳಬಾರದು, ಅದೇ ಹದ.

ಇನ್ನು ಬಿಸಿ. ಮೊಳಕೆಯ ಲೆಕ್ಕಾಚಾರ ಪೂರ್ತಿ ಇದರ ಮೇಲೇ ನಿಂತಿದೆ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 6 ದಿನಕ್ಕೆ ಸಸಿ ಮೇಲೆ ಬರುತ್ತದೆ. 20 ಡಿಗ್ರಿಯಲ್ಲಿ 8 ದಿನ. 15ರಲ್ಲಿ ಎರಡು ವಾರ. 10 ಡಿಗ್ರಿಗೆ ಇಳಿದರೆ 40 ದಿನದ ಮೇಲೆ ಕಾಯಬೇಕು, ಅಷ್ಟರಲ್ಲಿ ಬೀಜ ಕೊಳೆಯುವುದೇ ಹೆಚ್ಚು. ಇನ್ನೊಂದು ಕಡೆ 35 ದಾಟಿದರೆ ಮತ್ತೆ ನಿಧಾನ, 40ರಲ್ಲಿ ಬರುವುದೇ ಇಲ್ಲ. "ಹದಿನೈದು ದಿನ ಆಯ್ತು, ಬೀಜ ಸರಿಯಿಲ್ಲ ಅನ್ಸುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಟ್ರೇ ಎಲ್ಲಿಟ್ಟಿದ್ದೀರಿ ಅಂತ. ಎಷ್ಟೋ ಸಲ ಅದು ತಣ್ಣನೆಯ ಕಿಟಕಿ ಕಲ್ಲಿನ ಮೇಲಿರುತ್ತದೆ. ಬೀಜ ಸರಿಯಾಗೇ ಇರುತ್ತದೆ, ಅದಕ್ಕೆ ಚಳಿ ಅಷ್ಟೆ.

ಕೋಣೆಯ ಬಿಸಿ ನೋಡಿ ಮೋಸ ಹೋಗಬಾರದು. ಒದ್ದೆ ಮಣ್ಣಿನಿಂದ ನೀರು ಆವಿಯಾಗುತ್ತಾ ಇರುತ್ತದೆ, ಅದಕ್ಕೇ ಮಣ್ಣು ಕೋಣೆಗಿಂತ ತಣ್ಣಗಿರುತ್ತದೆ. ನಾನು ಅಡುಗೆಗೆ ಬಳಸುವ ಥರ್ಮಾಮೀಟರಿನ ಕಡ್ಡಿಯನ್ನೇ ಮಣ್ಣಿಗೆ ಚುಚ್ಚಿ ನೋಡುತ್ತೇನೆ. ಕೋಣೆ 23 ಇದ್ದ ದಿನ ಟ್ರೇಯ ಮಣ್ಣು 20 ಇತ್ತು. ಮುಚ್ಚಳ ಹಾಕಿ ಫ್ರಿಜ್ ಮೇಲಿಟ್ಟ ಮೇಲೆ 26ಕ್ಕೆ ಬಂತು. ನಿಮ್ಮ ಮನೆಯ ಫ್ರಿಜ್ ಮೇಲೆ ಅಷ್ಟು ಬಿಸಿ ಇಲ್ಲದಿರಬಹುದು. ಅಳತೆ ಮಾಡಿಯೇ ಜಾಗ ಆರಿಸಿ.

ಬಿತ್ತುವ ಮಣ್ಣಿನ ಬಗ್ಗೆ ಜಾಸ್ತಿ ಹೇಳಲು ಇಲ್ಲ. ತೋಟದ ಮಣ್ಣು ಬೇಡ. ಅದು ಚಿಕ್ಕ ಗುಳಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಮೇಲೆ ಹೇಳಿದ ರೋಗವನ್ನೂ ಹೊತ್ತು ತರುತ್ತದೆ. ತೆಂಗಿನ ನಾರಿನ ಪುಡಿ ಸಾಕು, ಸ್ವಲ್ಪ ಪರ್ಲೈಟ್ (ಮಣ್ಣು ಸಡಿಲ ಮಾಡುವ ಹಗುರವಾದ ಬಿಳೀ ಹರಳು) ಬೆರೆಸಿದರೆ ಇನ್ನೂ ಚೆನ್ನ. ಮೊದಲ ದಿನಗಳ ಊಟ ಬೀಜದೊಳಗೇ ಇರುತ್ತದೆ, ಗೊಬ್ಬರದ ಅವಸರ ಬೇಡ. ಪುಡಿಯನ್ನು ನೆನೆಸಿ ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಇನ್ನಷ್ಟು ಒಣ ಪುಡಿ ಸೇರಿಸಿ.

ಆಳದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಅರ್ಧ ಸೆಂಟಿಮೀಟರಿಗಿಂತ ಒಂಚೂರು ಜಾಸ್ತಿ, ಅಂದರೆ 6 ಮಿಲಿಮೀಟರ್. ಪೆನ್ಸಿಲ್ ಮೇಲೆ ಗೆರೆ ಹಾಕಿಟ್ಟುಕೊಂಡಿದ್ದೇನೆ, ಆ ಗೆರೆವರೆಗೆ ಚುಚ್ಚಿ ಬೀಜ ಬಿಡುತ್ತೇನೆ. ತುಂಬಾ ಆಳಕ್ಕೆ ಹೋದರೆ ಮೇಲೆ ಬರುವಷ್ಟರಲ್ಲಿ ಸಸಿಗೆ ಸುಸ್ತು. ತುಂಬಾ ಮೇಲಿದ್ದರೆ ಇನ್ನೊಂದು ತೊಂದರೆ, ಟೋಪಿ. ಸಸಿ ಮೇಲೆ ಬರುವಾಗ ಮಣ್ಣಿನ ಉಜ್ಜಾಟಕ್ಕೆ ಬೀಜದ ಸಿಪ್ಪೆ ಕಳಚಿ ಕೆಳಗೇ ಉಳಿಯಬೇಕು. ಮಣ್ಣು ಸಾಲದಿದ್ದರೆ ಸಿಪ್ಪೆ ಹೊತ್ತುಕೊಂಡೇ ಬರುತ್ತದೆ. ಎಲೆ ಅದರೊಳಗೆ ಸಿಕ್ಕಿಕೊಂಡು ಬಿಚ್ಚಿಕೊಳ್ಳಲಾಗದೆ ಒದ್ದಾಡುತ್ತದೆ. ಒಣ ಸಿಪ್ಪೆಯನ್ನು ಎಳೆಯಬೇಡಿ. ನಾನು ಎಳೆದಿದ್ದೆ. ಸಿಪ್ಪೆಯ ಜೊತೆ ಎರಡೂ ಎಲೆ ಕಿತ್ತುಬಂದವು, ಕಡ್ಡಿಯಂಥ ಕಾಂಡ ಮಾತ್ರ ನಿಂತಿತ್ತು, ಅದು ಮತ್ತೆ ಬೆಳೆಯಲೇ ಇಲ್ಲ. ಈಗ ಟೋಪಿ ಮೇಲೆ ಒಂದು ಹನಿ ನೀರು ಇಡುತ್ತೇನೆ. ಒಂದು ಗಂಟೆ ಬಿಟ್ಟು ಇನ್ನೊಂದು ಹನಿ. ಸಿಪ್ಪೆ ಮೆತ್ತಗಾದ ಮೇಲೆ ಎಷ್ಟೋ ಸಲ ತಾನೇ ಜಾರುತ್ತದೆ. ಜಾರದಿದ್ದರೆ ಎರಡು ಉಗುರಿನ ತುದಿಯಿಂದ ಪಕ್ಕಕ್ಕೆ ಒತ್ತಿದರೆ ಸಾಕು.

ಟಿಶ್ಯೂನಲ್ಲಿ ಮೊಳೆತ ಬೀಜವನ್ನೂ ಹೀಗೇ ಬಿತ್ತಬಹುದು. ಬೇರು ಹಿಡಿಯಬಾರದು, ಸಿಪ್ಪೆ ಹಿಡಿದು ಎತ್ತಬೇಕು. ಬೇರು ಪೇಪರಿನೊಳಗೆ ಇಳಿದಿದ್ದರೆ ಬಿಡಿಸಲು ಹೋಗದೆ ಅಷ್ಟು ಪೇಪರನ್ನೂ ಕತ್ತರಿಸಿ ಜೊತೆಗೇ ಹೂಳಿಬಿಡಿ. ಪೇಪರ್ ಮಣ್ಣಲ್ಲಿ ಕರಗುತ್ತದೆ. ಬೇರಿನ ತುದಿ ಮುರಿದರೆ ಮತ್ತೆ ಜೋಡಿಸಲು ಆಗುವುದಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ.

ಹೋದ ಸಲದ ಟ್ರೇ, ಆರನೇ ದಿನ, ಬೆಳಿಗ್ಗೆ 6 ಗಂಟೆ. ಮೂರನೇ ಗುಳಿಯಲ್ಲಿ ಮಣ್ಣು ಉಬ್ಬಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಟಾರ್ಚ್ ಹಿಡಿದು ನೋಡಿದರೆ ಬಿರುಕಿನಲ್ಲಿ ತಿಳಿ ಹಸಿರಿನ ಒಂದು ಕಮಾನು. ತಲೆ ಇನ್ನೂ ಮಣ್ಣೊಳಗೆ, ಬೆನ್ನು ಮಾತ್ರ ಮೇಲೆ. ಭಾರದ ಮೂಟೆ ಎಳೆಯುವವರು ಬೆನ್ನು ಮುಂದೆ ಮಾಡಿ ಬಾಗಿರುತ್ತಾರಲ್ಲ, ಥೇಟ್ ಹಾಗೆ. ಟೊಮೆಟೊ ಸಸಿ ಎಲೆ ಮುಂದೆ ಮಾಡಿಕೊಂಡು ಮಣ್ಣು ಸೀಳುವುದಿಲ್ಲ. ಹಾಗೆ ಮಾಡಿದರೆ ಎಳೇ ಸುಳಿ ಹರಿದುಹೋಗುತ್ತದೆ. ಅದಕ್ಕೇ ಕಾಂಡ ಕೊಕ್ಕೆಯಂತೆ ಬಾಗಿ, ತಾನು ಉಜ್ಜಿಸಿಕೊಂಡು, ತಲೆಯನ್ನು ಹಿಂದಿನಿಂದ ಜೋಪಾನವಾಗಿ ಎಳೆದು ತರುತ್ತದೆ. ಬೆಳಕು ತಾಗಿದ ಮೇಲೆ ಮಾತ್ರ ಕೊಕ್ಕೆ ನಿಧಾನವಾಗಿ ನೆಟ್ಟಗಾಗುತ್ತದೆ.

ಮಗಳು ಎದ್ದಾಗ ಕಮಾನು ಅರ್ಧ ಎದ್ದಿತ್ತು. ಅವಳು ಶಾಲೆಗೆ ಹೊರಡುವ ಹೊತ್ತಿಗೆ ಎಲೆಯ ತುದಿಗಳು ಮಣ್ಣಿಂದ ಹೊರಗೆ ಬಂದಿದ್ದವು, ಪ್ರಾರ್ಥನೆಗೆ ಜೋಡಿಸಿದ ಕೈಗಳ ಹಾಗೆ ಅಂಟಿಕೊಂಡೇ. ಸಂಜೆ ವಾಪಸ್ ಬಂದಾಗ ಸಸಿ ನೆಟ್ಟಗೆ ನಿಂತು ಎರಡೂ ಎಲೆ ಬಿಚ್ಚಿತ್ತು. "ನಾನಿಲ್ಲದಾಗ ಯಾಕೆ ಬಿಚ್ತು?" ಅಂತ ಅವಳಿಗೆ ನಿಜವಾಗಿಯೂ ಬೇಜಾರಾಯಿತು. ಅವತ್ತು ಮಧ್ಯಾಹ್ನ ಅಡುಗೆ ಬಿಟ್ಟು ಮೂರು ಸಲ ಬಂದು ನೋಡಿದ್ದೆ, ಆದರೂ ಬಿಚ್ಚುವ ಕ್ಷಣ ನನಗೂ ಸಿಕ್ಕಿರಲಿಲ್ಲ. ಹಾಗಂತ ಹೇಳಿದ ಮೇಲೆ ಸಮಾಧಾನವಾದಳು.

ಆ ದಿನವೇ ಮುಚ್ಚಳ ತೆಗೆದೆ. ಇಡೀ ಟ್ರೇಯಲ್ಲಿ ಬಂದಿದ್ದು ಮೂರೇ. ಉಳಿದ ಹದಿಮೂರಕ್ಕೆ ಬೆಚ್ಚಗೆ ಬೇಕು, ಬಂದ ಮೂರಕ್ಕೆ ಬೆಳಕು ಬೇಕು. ಏನು ಮಾಡುವುದು? ಬಂದವರ ಕಡೆಗೇ ನಿಲ್ಲುತ್ತೇನೆ. ಬರದ ಬೀಜ ಒಂದೆರಡು ದಿನ ತಡವಾಗಿ ಬಂದರೆ ನಷ್ಟವಿಲ್ಲ, ಬಂದ ಸಸಿ ಕತ್ತಲಲ್ಲಿ ಉದ್ದವಾದರೆ ಅದು ಮತ್ತೆ ಗಿಡ್ಡವಾಗುವುದಿಲ್ಲ. ಬಿಡಿ ಬಿಡಿ ಲೋಟಗಳಲ್ಲಿ ಬಿತ್ತಿದರೆ ಈ ತಾಪತ್ರಯವೇ ಇಲ್ಲ, ಬಂದ ಲೋಟವನ್ನು ಎತ್ತಿ ದೀಪದ ಕೆಳಗಿಟ್ಟರೆ ಆಯಿತು. ಈ ಸಲ ಹಾಗೇ ಮಾಡುತ್ತೇನೆ.

ಬೆಳಕು ಅಂದರೆ ನಮ್ಮ ಕಣ್ಣಿಗೆ ಸಾಕು ಅನಿಸುವಷ್ಟು ಬೆಳಕಲ್ಲ. ಕೋಣೆಯ ಮಧ್ಯದಲ್ಲಿ ನಮಗೆ ಓದಲು ಸಾಕಾಗುವ ಬೆಳಕು ಸಸಿಗೆ ಹೆಚ್ಚುಕಮ್ಮಿ ಕತ್ತಲೇ. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಸಸಿ ಆ ಕಡೆಗೆ ವಾಲುತ್ತದೆ, ದಿನಾ ಟ್ರೇ ತಿರುಗಿಸಬೇಕು. ನಾನು ಬಿಳೀ ಎಲ್‌ಇಡಿ ಟ್ಯೂಬ್ ಒಂದನ್ನು ಸರಪಳಿಯಲ್ಲಿ ತೂಗುಹಾಕಿದ್ದೇನೆ, ಸಸಿಯ ತಲೆಯಿಂದ 8 ರಿಂದ 10 ಸೆಂಟಿಮೀಟರ್ ಮೇಲೆ. ಸಸಿ ಬೆಳೆದ ಹಾಗೆ ಸರಪಳಿಯ ಒಂದೊಂದು ಕೊಂಡಿ ಏರಿಸುತ್ತೇನೆ. ದಿನಕ್ಕೆ 15–16 ಗಂಟೆ ಬೆಳಕು. ಒಳ್ಳೆಯದಾಗಲಿ ಅಂತ 24 ಗಂಟೆಯೂ ಉರಿಸಬಾರದು. ಟೊಮೆಟೊಗೆ ರಾತ್ರಿ ಬೇಕೇ ಬೇಕು, ಬಿಡುವಿಲ್ಲದೆ ಬೆಳಕು ಬಿದ್ದರೆ ಎಲೆ ಹಳದಿಯಾಗಿ ಹಾಳಾಗುತ್ತದೆ. ಹಾಗಾಗಿ ಟೈಮರ್ ಹಾಕಿದ್ದೇನೆ.

ಬಿಸಿಯನ್ನೂ ಇಳಿಸಬೇಕು. 18ರಿಂದ 21 ಡಿಗ್ರಿ ಇದ್ದರೆ ಸಸಿ ಗಟ್ಟಿಮುಟ್ಟಾಗಿ ನಿಧಾನವಾಗಿ ಬೆಳೆಯುತ್ತದೆ. ಬಿಸಿ ಜಾಸ್ತಿ, ಬೆಳಕು ಕಮ್ಮಿ ಆದರೆ ಸಣಕಲು.

ನೀರು ಮೇಲಿಂದ ಹಾಕುವುದನ್ನು ಬಿಟ್ಟುಬಿಟ್ಟೆ. ಒಂದು ಅಗಲವಾದ ತಟ್ಟೆಯಲ್ಲಿ ಬೆರಳ ಒಂದು ಗೆಣ್ಣಿನಷ್ಟು ನೀರು ಹಾಕಿ ಅದರಲ್ಲಿ ಟ್ರೇ ಇಡುತ್ತೇನೆ. ಕೆಳಗಿನ ತೂತಿನಿಂದ ನೀರು ಹೀರಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ತೆಗೆದು, ಮಿಕ್ಕ ನೀರು ಚೆಲ್ಲುತ್ತೇನೆ. ಮಣ್ಣಿನ ಮೇಲ್ಪದರ ಒಣಗಿಯೇ ಇರುತ್ತದೆ, ಕಾಂಡದ ಬುಡ ಒದ್ದೆಯಾಗುವುದಿಲ್ಲ. ಮತ್ತೆ ಯಾವಾಗ ನೀರು ಅಂತ ತಿಳಿಯಲು ಟ್ರೇಯನ್ನು ಕೈಯಲ್ಲಿ ಎತ್ತಿ ನೋಡಿದರೆ ಸಾಕು. ನಾಲ್ಕು ದಿನದಲ್ಲಿ ಕೈಗೆ ಭಾರದ ಅಭ್ಯಾಸ ಆಗುತ್ತದೆ. ಈ ಪದ್ಧತಿ ಶುರು ಮಾಡಿದ ಮೇಲೆ ನನ್ನ ಒಂದು ಸಸಿಯೂ ಬುಡ ಕೊಳೆತು ಬಿದ್ದಿಲ್ಲ. ಟ್ರೇಯನ್ನು ಪ್ರತಿ ಸಲ ಸೋಪು ಹಾಕಿ ತೊಳೆದು ಒಣಗಿಸುವುದೂ ಇದಕ್ಕೆ ಕಾರಣ ಇರಬೇಕು.

ಮಗಳಿಗೂ ಒಂದು ಕೆಲಸ ಇದೆ. ದಿನಾ ಬೆಳಿಗ್ಗೆ ಅಂಗೈಯಿಂದ ಸಸಿಗಳ ತಲೆಯನ್ನು ಹಗುರವಾಗಿ ಸವರುವುದು, ಆ ಕಡೆಗೆ ಹತ್ತು ಸಲ, ಈ ಕಡೆಗೆ ಹತ್ತು ಸಲ. ಇದು ಮುದ್ದು ಮಾಡುವುದಕ್ಕಷ್ಟೇ ಅಲ್ಲ. ಹೊರಗೆ ಗಾಳಿಗೆ ಅಲುಗಾಡುವ ಗಿಡ ಕಾಂಡವನ್ನು ದಪ್ಪ ಮಾಡಿಕೊಳ್ಳುತ್ತದೆ, ಮನೆಯೊಳಗೆ ಆ ಗಾಳಿ ಇರುವುದಿಲ್ಲ. ಸವರಿದರೂ ಗಿಡ ಅದೇ ರೀತಿ ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ಎಂಟು ಸಸಿ ಸವರಿ, ಎಂಟನ್ನು ಮುಟ್ಟದೆ ಬಿಟ್ಟು ನೋಡಿದ್ದೆವು. ಮೂರು ವಾರಕ್ಕೆ ಮಗಳು ಸ್ಕೇಲ್ ಹಿಡಿದು ಅಳೆದಾಗ ಮುಟ್ಟದವು ಎರಡು ಬೆರಳಷ್ಟು ಉದ್ದವಾಗಿದ್ದವು, ಎತ್ತಿದರೆ ಬಳುಕುತ್ತಿದ್ದವು. ಅವಳ ಸಸಿಗಳು ಅಲುಗಾಡಲಿಲ್ಲ. ಅವತ್ತಿನಿಂದ ಎಲ್ಲಾ ಹದಿನಾರೂ ಅವಳವೇ.

ಮೊದಲು ಬಿಚ್ಚುವ ಎರಡು ಎಲೆ ನುಣುಪು ಅಂಚಿನ, ಉದ್ದನೆಯ ಬೀಜದೆಲೆ. ಆಮೇಲೆ ಮಧ್ಯದಿಂದ ಹಲ್ಲು ಹಲ್ಲಾದ ನಿಜವಾದ ಎಲೆ ಬರುತ್ತದೆ. ಅದು ಬಂದ ಮೇಲೆ ಬೆರಳಿಂದ ಸವರಿ ಮೂಸಿ ನೋಡಿ, ಗಿಡದ ಆ ಘಾಟು ಸಿಗುತ್ತದೆ. ಹಣ್ಣಿಗೆ ಆ ವಾಸನೆ ಇಲ್ಲ. ಎಲೆ ಕಾಂಡದ ಮೇಲಿರುವ ಸಣ್ಣ ರೋಮಗಳ ತುದಿಯಲ್ಲಿರುವ ಗ್ರಂಥಿಗಳಿಂದ ಬರುವುದು ಅದು. ದೊಡ್ಡ ಗಿಡ ಮುಟ್ಟಿದಾಗ ಬೆರಳು ಹಸಿರು ಹಳದಿಯಾಗುವುದೂ ಅದರಿಂದಲೇ. ಕಣ್ಣು ಮುಚ್ಚಿ ಮೂಸಿದರೆ ನನಗೆ ಗಿಡ, ಹೂವು, ಕಾಯಿ ಎಲ್ಲಾ ಒಟ್ಟಿಗೆ ಕಂಡ ಹಾಗಾಗುತ್ತದೆ, ಇರುವುದು ಮೂರಂಗುಲದ ಸಸಿ ಆದರೂ.

ನಿಜವಾದ ಎಲೆ ಎರಡಾದ ಮೇಲೆ ದೊಡ್ಡ ಲೋಟಕ್ಕೆ ಬದಲಾಯಿಸುತ್ತೇನೆ. ಆಗ ಎಲೆ ಹಿಡಿದು ಎತ್ತಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಿದರೆ ಇನ್ನೊಂದು ಬರುವುದಿಲ್ಲ. ಬೀಜದೆಲೆಯವರೆಗೂ ಕಾಂಡವನ್ನು ಮಣ್ಣಲ್ಲಿ ಹೂತುಬಿಡಿ. ಎಷ್ಟೋ ಗಿಡಗಳಿಗೆ ಹೀಗೆ ಮಾಡಿದರೆ ಕೊಳೆಯುತ್ತವೆ, ಟೊಮೆಟೊ ಮಾತ್ರ ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಸ್ವಲ್ಪ ಉದ್ದವಾದ ಸಸಿಯನ್ನೂ ಹೀಗೆ ಉಳಿಸಿಕೊಳ್ಳಬಹುದು. ನನ್ನ ಆ ಇಪ್ಪತ್ತೆರಡರಲ್ಲಿ ಕೆಲವನ್ನಾದರೂ ಮೊದಲ ದಿನವೇ ಆಳಕ್ಕೆ ಹೂತಿದ್ದರೆ ಉಳಿಯುತ್ತಿದ್ದವೇನೋ ಅಂತ ಈಗಲೂ ಅನಿಸುತ್ತದೆ. ಈ ಹಂತದಲ್ಲಿ ತೆಳುವಾಗಿ ಗೊಬ್ಬರ ಶುರು ಮಾಡಬಹುದು.

ಬಿತ್ತಿದ ಆರರಿಂದ ಎಂಟು ವಾರಕ್ಕೆ ಹೊರಗೆ ನೆಡುವ ಗಾತ್ರ ಬರುತ್ತದೆ. ಮನೆಯೊಳಗೆ ಬೆಳೆದ ಸಸಿಯನ್ನು ಒಂದೇ ಸಲ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಹೀಗೆ ಏಳರಿಂದ ಹತ್ತು ದಿನ ಹೆಚ್ಚಿಸುತ್ತಾ ಹೋಗಬೇಕು. ಅದರದ್ದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಇಷ್ಟು ಬರೆಯುವ ಮಧ್ಯೆ ಎದ್ದು ಹೋಗಿ ಡಬ್ಬಿ ನೋಡಿ ಬಂದೆ. ಈಗ ಐದು ಬೀಜ ಬಾಯಿ ಬಿಟ್ಟಿವೆ. ನಿನ್ನೆ ಬಂದ ಮೂರನ್ನು ಬೆಳಿಗ್ಗೆಯೇ ಮೂರು ಲೋಟಕ್ಕೆ ಹಾಕಿದ್ದೇನೆ, ಒಂದರ ಜೊತೆ ಉಗುರಿನಷ್ಟು ಟಿಶ್ಯೂ ಕೂಡ ಹೋಯಿತು. ಮುಚ್ಚಳ ಹಾಕಿ ಫ್ರಿಜ್ ಮೇಲಿಟ್ಟಿದ್ದೇನೆ. ಮೊಳೆತ ಬೀಜ ಆದ್ದರಿಂದ ಎರಡು ಮೂರು ದಿನದಲ್ಲೇ ಮೇಲೆ ಬರಬಹುದು. ಮುಚ್ಚಳದ ಮೇಲೆ ಮಗಳು ಕೆಂಪು ಪೆನ್ನಿನಲ್ಲಿ "ಕಂಡ ತಕ್ಷಣ ತೆಗೆ" ಅಂತ ದೊಡ್ಡದಾಗಿ ಬರೆದಿದ್ದಾಳೆ. ದೀಪವನ್ನು ಇವತ್ತೇ ತೂಗುಹಾಕಿ, ಕೊಂಡಿಯನ್ನು ಎಲ್ಲಕ್ಕಿಂತ ಕೆಳಗೆ ಇಳಿಸಿಟ್ಟಿದ್ದೇನೆ. ಟೈಮರ್ ಬೆಳಿಗ್ಗೆ 6ಕ್ಕೆ.